ಸುಮ್ಮನಿದ್ದ ರೋಗಿ

ಕೂಗಾಡುವ ರೋಗಿಯ ಹತ್ತಿರ ಮೊದಲು ಓಡಬೇಡಿ, ಸುಮ್ಮನೆ ಕೂತವರನ್ನು ಮೊದಲು ನೋಡಿ ಎಂದು ನರ್ಸಿಂಗ್ ಶಾಲೆಯ ಮೇಡಂ ಮೂರು ವರ್ಷ ಹೇಳಿದ್ದರು. ಭಾನುಪ್ರಿಯ ಅದನ್ನು ನೋಟ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಳು. ಗೆರೆ ಎಳೆದದ್ದೆಲ್ಲ ತಲೆಗೆ ಹೋಗುವಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅದು ೨೦೦೭ನೇ ಇಸವಿ. ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದ ಹಾಗೆ ಹೆದ್ದಾರಿಯ ಪಕ್ಕದಲ್ಲಿ ಹೊಸ ಆಸ್ಪತ್ರೆಯೊಂದೂ ಎದ್ದಿತ್ತು. ಅಲ್ಲಿ ನರ್ಸ್ ಕೆಲಸಕ್ಕೆ ಮಂಗಳವಾರ ಸಂದರ್ಶನ. ಸೋಮವಾರ ಸಂಜೆ ಅಭ್ಯಾಸಕ್ಕೆಂದು ಹೊಂಗನೂರಿನ ಮನೆಯ ಜಗುಲಿಯೇ ಭಾನುವಿಗೆ ವಾರ್ಡಾಯಿತು. ಅಪ್ಪ ಮರಿಯಪ್ಪ ಕಾಲು ಮುರಿದವನಾಗಿ ಚಾಪೆಯ ಮೇಲೆ ಬಿದ್ದು ಬೀದಿಗೆಲ್ಲ ಕೇಳುವಂತೆ ಅರಚಿದ. ಪಕ್ಕದ ಮನೆಯ ಕೆಂಚಯ್ಯ ಜ್ವರದ ರೋಗಿ. ಜ್ವರ ಸಾಲದೆಂದು ಅವನು ಕೆಮ್ಮನ್ನೂ ಸೇರಿಸಿಕೊಂಡ.

"ಲೇ ಕೆಂಚ, ನಿಂಗೆ ಬರೀ ಜ್ವರ ಕಣ್ಲಾ! ಕೆಮ್ಮು ಎಲ್ಲಿಂದ ಬಂತು?" ಎಂದು ಮರಿಯಪ್ಪ ಮುರಿದ ಕಾಲು ಮಡಚಿಕೊಂಡೇ ಎದ್ದು ಕೂತ.

ಭಾನು ನಗು ತಡೆದುಕೊಂಡು ನಾಡಿ ಹಿಡಿಯುತ್ತಿದ್ದಾಗ ಹುಳುಮನೆಯಿಂದ ಅವ್ವ ಅಂಬುಜಮ್ಮ ಹೊರಗೆ ಬಂದಳು. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಲು ಇನ್ನೆರಡೇ ದಿನ. ಆಗ ಅವು ತಿನ್ನುವ ಸೊಪ್ಪಿಗೆ ಮಿತಿಯಿಲ್ಲ. ಆ ಮನೆಯಲ್ಲಿ ಯಾರ ಹಸಿವು, ಯಾರ ನೋವಾದರೂ ಹುಳಕ್ಕೆ ಸೊಪ್ಪು ಹಾಕಿದ ಮೇಲೆಯೇ. ಅಂಬುಜಮ್ಮನ ಮುಖದಿಂದ ಬೆವರು ಇಳಿಯುತ್ತಿತ್ತು.

"ಮಗಾ, ಎಡಗೈ ಯಾಕೋ ಜೋಮು ಹಿಡ್ದಂಗೈತೆ. ದವಡೆನೂ ಒಸಿ ನೋಯ್ತದೆ."

"ಬೆಳಗಿಂದ ಸೊಪ್ಪಿನ ಹೊರೆ ಹೊತ್ತಿದ್ದೀಯಲ್ಲವ್ವ, ಅದ್ಕೆ. ಒಳ್ಗೆ ಬೇರೆ ಸೆಕೆ. ಮುಲಾಮು ಹಚ್ಕೊ ಹೋಗು."

"ಮುಲಾಮಾ? ಆ ವಾಸ್ನೆಗೆ ಹುಳ ಸತ್ತೋಯ್ತವೆ ಕಣೆ."

"ಹಂಗಾರೆ ಒಸಿ ಕೂತ್ಕೊ. ನಾಳೆ ಇಂಟ್ರೂ ಐತೆ, ಮಧ್ಯ ಬರ್ಬ್ಯಾಡ."

ಅಂಬುಜಮ್ಮ ಕೂರಲಿಲ್ಲ. ಹುಳುಮನೆಗೆ ನೊಣ ನುಗ್ಗದಂತೆ ಕಟ್ಟಿದ್ದ ಪರದೆ ಸರಿಸಿ ಮತ್ತೆ ಒಳಗೆ ಹೋದಳು. ಭಾನು ಅಪ್ಪನ ಗಟ್ಟಿಮುಟ್ಟಾದ ಕಾಲಿಗೆ ಬಲು ಚೆಂದವಾಗಿ ಪಟ್ಟಿ ಕಟ್ಟಿದಳು.

ಬೆಳಗ್ಗೆ ನರ್ಸಿನ ಬಿಳಿ ಸಮವಸ್ತ್ರ ತೊಟ್ಟು ಹೊರಟ ಮಗಳಿಗೆ ಅವ್ವ ಬುತ್ತಿ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತು ಕಳಿಸಿದಳು. ಹಿಡಿದುಕೊಂಡು ಯಾಕೆ ನಿಂತಿದ್ದೀಯ ಎಂದು ಭಾನು ಕೇಳಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು.

ಸಂದರ್ಶನದಲ್ಲಿ ಮೇಟ್ರನ್ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಮೂವರು ರೋಗಿಗಳು ಒಟ್ಟಿಗೆ ಬಂದಿದ್ದಾರೆ. ಒಬ್ಬ ಕೈ ಕುಯ್ದುಕೊಂಡು ಕೂಗಾಡ್ತಿದ್ದಾನೆ. ಒಂದು ಮಗುವಿಗೆ ಜ್ವರ. ಐವತ್ತು ವರ್ಷದ ಹೆಂಗಸು ಮೂಲೆಯಲ್ಲಿ ಸುಮ್ಮನೆ ಕೂತಿದ್ದಾಳೆ. ಯಾರನ್ನ ಮೊದಲು ನೋಡ್ತೀಯಮ್ಮ?"

"ಹೆಂಗಸನ್ನ ಮೇಡಂ." ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಬೆವರ್ತಿದ್ದಾರಾ, ಎಡಗೈ ಜೋಮು ಹಿಡಿದಿದೆಯಾ, ದವಡೆ ನೋವು..."

ಅಲ್ಲಿಗೆ ನಿಂತುಹೋಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನೆಗೆ ಬಿತ್ತಂತೆ ಎಂದು ಅಂಬುಜಮ್ಮ ಬೇರೆಯವರನ್ನು ಕುರಿತು ಹೇಳುತ್ತಿದ್ದಳು. ಈಗ ಅದು ಮಗಳಿಗೇ ಬಂತು.

"ಸರಿಯಾಗಿದೆ. ಮುಂದೆ ಹೇಳು," ಎಂದರು ಮೇಟ್ರನ್.

"ಮೇಡಂ, ನಮ್ಮವ್ವ..." ಎಂದವಳೇ ಎದ್ದು ಓಡಿದಳು. ಎದುರಿನ ಫೋನ್ ಅಂಗಡಿಯಿಂದ ಕೆಂಚಯ್ಯನ ಮೊಬೈಲಿಗೆ ಕರೆ ಮಾಡಿದಳು.

"ಅವ್ವ ಹುಳುಮನೇಲಿ ಬಿದ್ಬುಟ್ರು ಕಣವ್ವ," ಎಂದ ಕೆಂಚಯ್ಯ. "ಚನ್ನಪಟ್ಟಣದ ಆಸ್ಪತ್ರೆಗೆ ಕರ್ಕೊಂಡ್ ಬಂದಿವಿ. ಬಿರ್ನೆ ಬಾ."

ಬಸ್ಸಿನಲ್ಲಿ ಅವಳ ಬಿಳಿ ಸಮವಸ್ತ್ರ ನೋಡಿ ಕಂಡಕ್ಟರು, "ಸಿಸ್ಟರಮ್ಮನಿಗೆ ಒಸಿ ಜಾಗ ಬುಡ್ರಪ್ಪ," ಎಂದ. ಜನ ಸರಿದು ಜಾಗ ಕೊಟ್ಟರು. ಅವಳು ಕೂರಲಿಲ್ಲ. ಕೂರುವ ಯೋಗ್ಯತೆ ತನಗಿಲ್ಲ ಅನ್ನಿಸಿತು.

ಆಸ್ಪತ್ರೆಯ ಮಂಚದ ಪಕ್ಕ ಡಾಕ್ಟರು ಅಂಬುಜಮ್ಮನನ್ನು ಕೇಳುತ್ತಿದ್ದರು: "ಇದು ಹಾರ್ಟ್ ಅಟ್ಯಾಕ್. ಹೊತ್ತು ಸರಿಯಾಗಿ ಹೇಳಮ್ಮ. ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬೇಕೋ ಬೇಡವೋ ಅನ್ನೋದು ಅದರ ಮೇಲೇ ಇರೋದು. ನೋವು ಯಾವಾಗ ಶುರುವಾಯ್ತು?"

ಅಂಬುಜಮ್ಮ ಬಾಗಿಲಲ್ಲಿ ನಿಂತ ಮಗಳನ್ನು ನೋಡಿದಳು. "ಇವತ್ತು ಬೆಳಗ್ಗೆ ಸಾರ್. ನನ್ ಮಗಳು ನರ್ಸು. ನಿನ್ನೇನೇ ಆಗಿದ್ರೆ ಅವ್ಳಿಗೆ ಗೊತ್ತಾಗ್ತಿರ್ನಿಲ್ವಾ?"

ಮರಿಯಪ್ಪ ತಲೆ ತಗ್ಗಿಸಿದ. ಕೆಂಚಯ್ಯ ಗೋಡೆ ನೋಡಿದ. ಡಾಕ್ಟರು ಇಂಜೆಕ್ಷನ್ ತರಲು ಹೇಳಿದರು. ಸುಮ್ಮನಿದ್ದರೆ ಸಾಕು, ಭಾನುವಿನ ಮಾನ ಉಳಿಯುತ್ತಿತ್ತು.

"ಇಲ್ಲ ಸಾರ್," ಎಂದಳು ಭಾನು. "ನಿನ್ನೆ ಸಂಜೆ ಐದು ಗಂಟೆಗೆ. ಬೆವರು, ಎಡಗೈ ಜೋಮು, ದವಡೆ ನೋವು."

"ನಿಮಗೆ ಹೇಗೆ ಗೊತ್ತು?"

"ನಂಗೇ ಹೇಳಿದ್ರು ಸಾರ್. ನಾನು ನೋಡ್ಲಿಲ್ಲ."

ಡಾಕ್ಟರು ಅವಳ ಸಮವಸ್ತ್ರವನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟು ಹೊತ್ತು ಕಳೆದ ಮೇಲೆ ಆ ಇಂಜೆಕ್ಷನ್ ಕೊಟ್ಟರೆ ಗುಣಕ್ಕಿಂತ ಅಪಾಯವೇ ಹೆಚ್ಚು, ಈಗಲೇ ಬೆಂಗಳೂರಿನ ಹೃದಯದ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಆಂಬುಲೆನ್ಸ್ ತರಿಸಿದರು.

ಆಂಬುಲೆನ್ಸ್ ಬಿಡದಿ ದಾಟುವಾಗ ಅಂಬುಜಮ್ಮ ಕಣ್ಣು ತೆರೆದಳು. ಭಾನು ಅವಳ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು.

"ಮಧ್ಯ ಬಂದ್ಬುಟ್ನಲ್ಲ ಮಗಾ," ಎಂದಳು ಅವ್ವ. "ಇಂಟ್ರೂ ಕೆಟ್ಟೋಯ್ತಾ?"

ಎಣಿಕೆ ತಪ್ಪಿತು. ಭಾನು ಮತ್ತೆ ಒಂದರಿಂದ ಎಣಿಸತೊಡಗಿದಳು.