ಮುಚ್ಚಳದ ಅಳತೆ

"ಎಷ್ಟು ಕೆಜಿ ತೂಗುತ್ತೆ?" ಎಂದು ಗಿಡಗಳ ನರ್ಸರಿಯವಳು ಕೇಳಿದಳು.

ಲೇತ್ ಕೆಲಸದ ಟರ್ನರನಿಗೆ ಅಲ್ಲಿಗೇ ವಿಷಯ ಮುಗಿದಂತಾಯಿತು. ಕಂಕುಳಲ್ಲಿ ಅವುಚಿಕೊಂಡಿದ್ದ ಹುಂಜವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ನಾನು ಸಾಕೋಕೆ ಅಂತ ಕೇಳಿದ್ದು ಕಣಮ್ಮಾ, ತೂಗೋಕಲ್ಲ" ಎಂದ.

"ಅಯ್ಯೋ, ಹುಂಜನ ಯಾರು ಸುಮ್ನೆ ಸಾಕ್ತಾರೆ? ನನ್ನ ಹತ್ರ ಆಗ್ಲೇ ಒಂದಿದೆ. ಇನ್ನೊಂದು ಬಿಟ್ರೆ ಎರಡೂ ಕುಕ್ಕಾಡ್ಕೊಂಡು ಸಾಯ್ತವೆ" ಎಂದು ಅವಳು ಪೈಪು ಹಿಡಿದು ಗಿಡಗಳ ಕಡೆ ನಡೆದಳು. ಅವನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಕೂಗೋದೇ ತೊಂದರೆ ತಾನೇ? ಹುಂಜ ಕೂಗಬೇಕಾದ್ರೆ ಕತ್ತು ಮೇಲೆತ್ತಬೇಕು. ಎತ್ತೋಕೆ ಜಾಗವೇ ಇಲ್ಲದ ಹಾಗೆ ತಗ್ಗು ಪೆಟ್ಟಿಗೇಲಿ ಮಲಗಿಸಿ. ತೆಪ್ಪಗಿರುತ್ತೆ."

ಹುಂಜ ಗಂಟುಬಿದ್ದದ್ದು ಅವನದೇ ತಪ್ಪಿನಿಂದ. ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತಿಗೆ ಕೈಗವಸು ಸಿಕ್ಕಿ ಬಲಗೈಯ ಎರಡು ಬೆರಳು ಹೋದ ಮೇಲೆ ಅವನು ಮನೆಯಲ್ಲೇ ಇದ್ದ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಗೋಡೆ ನೋಡಿ ನೋಡಿ ಸಾಕಾಗಿ, ಒಂದು ಥರ್ಮಕೋಲ್ ಡಬ್ಬಿಗೆ ಬಲ್ಬು ಕೂರಿಸಿ ಮರಿ ಮಾಡಿಸಲು ಹೊರಟ. ದುಂಡು ಮೊಟ್ಟೆಯಲ್ಲಿ ಹೇಂಟೆ, ಚೂಪು ಮೊಟ್ಟೆಯಲ್ಲಿ ಹುಂಜ ಎಂದು ವರ್ಕ್‌ಶಾಪಿನಲ್ಲಿ ಯಾರೋ ಹೇಳಿದ್ದು ತಲೆಯಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಕಣ್ಣಳತೆಯಲ್ಲೇ ಆರಿಸುತ್ತಿದ್ದರು. ಇವನು ಇಪ್ಪತ್ತೆರಡು ವರ್ಷ ಕೂದಲೆಳೆಯಷ್ಟು ತಪ್ಪಾಗದಂತೆ ಕಬ್ಬಿಣ ಕಡೆದವನು. ವರ್ನಿಯರ್ ಕ್ಯಾಲಿಪರ್ ಹಿಡಿದು ಕೋಳಿ ಸಾಕುವವನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಅರವತ್ತು ಮೊಟ್ಟೆಗಳ ಉದ್ದ, ಅಗಲ ಅಳೆದು, ಅತಿ ದುಂಡಗಿನ ಹನ್ನೆರಡನ್ನು ತಂದ. ಬೀದಿಯವರಿಗೆಲ್ಲ ಹೇಂಟೆ ಕೊಡುತ್ತೇನೆಂದು ಮಾತೂ ಕೊಟ್ಟ. ಹನ್ನೆರಡೂ ಒಡೆದು ಮರಿ ಬಂದವು. ಜುಟ್ಟು ಮೂಡಿದ ಮೇಲೆ ನೋಡಿದರೆ ಒಂಬತ್ತು ಹುಂಜ! ವರ್ನಿಯರ್ ಸುಳ್ಳು ಹೇಳಿರಲಿಲ್ಲ, ಮೊಟ್ಟೆಗಳಿಗೆ ವರ್ನಿಯರ್ ಗೊತ್ತಿರಲಿಲ್ಲ ಅಷ್ಟೇ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೆರಳು ಹೋದ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು.

ಇಪ್ಪತ್ತೊಂದು ದಿನ, ದಿನಕ್ಕೆ ಮೂರು ಸಲ, ಉಳಿದ ಮೂರು ಬೆರಳಲ್ಲಿ ಅವನು ಆ ಮೊಟ್ಟೆಗಳನ್ನು ಹೊರಳಿಸಿದ್ದ. ಒಂದೂ ಬಿರುಕು ಬಿಟ್ಟಿರಲಿಲ್ಲ. ಹಾಗಿರುವಾಗ ಅವುಗಳನ್ನು ಕತ್ತಿಗೆ ಕೊಡುವುದು ಅವನಿಂದ ಆಗದ ಮಾತು. ಎರಡನ್ನು ಭಾವನ ಮನೆಗೆ ಕೊಟ್ಟ. ಮುಂದಿನ ವಾರ ಫೋನ್ ಮಾಡಿ ವಿಚಾರಿಸಿದರೆ ಭಾವ, "ಅದಿರಲಿ, ಕೈ ನೋವು ಹೇಗಿದೆ?" ಎಂದು ಮಾತು ಹಾರಿಸಿದ. ಅಂದಿನಿಂದ ಟರ್ನರ್ ಮೊದಲು ಜಾಗ ನೋಡಿಯೇ ಕೊಡುತ್ತಿದ್ದ. ಇಟ್ಟಿಗೆ ಭಟ್ಟಿಗೆ ಮೂರು, ಶಾಲೆಯ ಮಾಲಿಗೆ ಒಂದು, ಹಾಲು ಹಾಕುವವಳಿಗೆ ಎರಡು ಹೋದವು. ಉಳಿದದ್ದು ಈ ಒಂಬತ್ತನೆಯದು, ಎಲ್ಲದಕ್ಕಿಂತ ಕೊನೆಗೆ ಹೊರಬಂದ ಲೇಟು. ಇದರ ಚಿಪ್ಪನ್ನು ಅವನೇ ಉಗುರಲ್ಲಿ ಬಿಡಿಸಿದ್ದ.

ಲೇಟು ಎಂಬ ಹೆಸರಷ್ಟೇ. ಕೂಗುವುದು ಮಾತ್ರ ಬೆಳಗಿನ ನಾಲ್ಕೂವರೆಗೆ, ಒಂದು ನಿಮಿಷ ಆಚೀಚೆಯಾಗದಂತೆ. ಮಹಡಿಯ ಮೇಲೆ ಮನೆ ಓನರ್ ಮಗಳು ಬಾಣಂತಿ.

"ಟರ್ನರೇ, ನನಗೇನು ಅದರ ಮೇಲೆ ಸಿಟ್ಟಿಲ್ಲ" ಎಂದಿದ್ದರು ಓನರ್. "ಮಗು ಬೆಚ್ಚಿ ಬಿದ್ದು ಅಳುತ್ತೆ. ರಾತ್ರಿಯಿಡೀ ಎತ್ಕೊಂಡು ತಿರುಗಿ ಆಗಷ್ಟೇ ಮಲಗಿಸಿರ್ತೀವಿ. ಭಾನುವಾರದಿಂದ ಅದರ ದನಿ ಕೇಳಬಾರದು. ಕೇಳ್ತೂ ಅಂದ್ರೆ ನೀವೇ ಬೇರೆ ಮನೆ ನೋಡ್ಕೊಳ್ಳಿ."

ಇವತ್ತು ಶನಿವಾರ. ನರ್ಸರಿಯಿಂದ ಬಂದವನೇ ಅವನು ಲೇಟುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದ. ನಿಂತರೆ ಹದಿನಾಲ್ಕು ಇಂಚು. ಕತ್ತು ಪೂರ್ತಿ ಚಾಚಿದರೆ ಹತ್ತೊಂಬತ್ತು. ಮುಚ್ಚಳ ಹದಿಮೂರಕ್ಕೆ ಬರಬೇಕು. ಮೂಲೆಯಲ್ಲಿದ್ದ ಹಳೆ ಹಲಗೆಗಳನ್ನು ತೆಗೆದು ಗರಗಸ ಹಿಡಿದ. ಮೊದಮೊದಲು ಕೈ ಜಾರಿತು, ಆಮೇಲೆ ಹಿಡಿತ ತಾನಾಗಿ ಬಂತು. ಗಾಳಿಗೆ ಸಾಲಾಗಿ ತೂತು ಕೊರೆದ, ಅಂಚು ಉಜ್ಜಿ ನುಣುಪು ಮಾಡಿದ, ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಮಾಡುವಷ್ಟು ಹೊತ್ತೂ ಅವನು ಸುಖವಾಗಿದ್ದ. ಏನು ಮಾಡುತ್ತಿದ್ದೇನೆ ಎಂಬುದೇ ಮರೆತಿತ್ತು.

ಸಂಜೆ ಬಂದ ಹೆಂಡತಿ ಅಂಚಿನ ಮೇಲೆ ಕೈಯಾಡಿಸಿ, "ಎಷ್ಟು ಚೆನ್ನಾಗಿ ಬಂದಿದೆ ರೀ!" ಎಂದಳು. ಒಳಗೆ ತಲೆ ತಗ್ಗಿಸಿ ಕುಳಿತ ಲೇಟುವನ್ನು ತೂತಿನಿಂದ ನೋಡಿದಳು. "ಜೀವ ಉಳೀತಲ್ಲ, ಅಷ್ಟು ಸಾಕು."

ಆಸ್ಪತ್ರೆಯಲ್ಲಿ ಅವನ ಕೈಗೆ ಸುತ್ತಿದ್ದ ಬಟ್ಟೆ ನೋಡಿಯೂ ಅವಳು ಇದೇ ಮಾತು ಹೇಳಿದ್ದಳು.

"ವರ್ಕ್‌ಶಾಪ್ ಮಾಲೀಕರು ಮತ್ತೆ ಫೋನ್ ಮಾಡಿದ್ರು" ಎಂದಳು, ಅವನ ಮುಖ ನೋಡದೆ. "ಗೇಟಿನ ಹತ್ರ ವಾಚ್‌ಮನ್ ಕ್ಯಾಬಿನ್ ಇದೆಯಂತೆ, ಕುರ್ಚಿ, ಫ್ಯಾನು ಎಲ್ಲ ಇದೆಯಂತೆ. ಬರೋರು ಹೋಗೋರನ್ನ ನೋಡ್ತಾ ಕೂತಿದ್ರೆ ಆಯ್ತು."

ಆ ಗೇಟಿನಲ್ಲಿ ಕುಳಿತರೆ ತನ್ನ ಲೇತು ಇನ್ನೊಬ್ಬನ ಕೈಯಲ್ಲಿ ತಿರುಗುವುದು ದಿನವಿಡೀ ಕೇಳಿಸುತ್ತದೆ. ಎರಡು ಸಲ ಬೇಡವೆಂದಿದ್ದ. "ಬೆಳಿಗ್ಗೆ ಹೇಳ್ತೀನಿ" ಎಂದ.

ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಯಿತು. ಕೂಗಿಲ್ಲ, ಅಳುವಿಲ್ಲ. ಪಕ್ಕದಲ್ಲಿ ಹೆಂಡತಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅವನು ಹಿತ್ತಿಲಿಗೆ ಹೋಗಿ ಪೆಟ್ಟಿಗೆಯ ಪಕ್ಕ ಕುಳಿತ.

ಟಕ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್. ಅವನು ಮುಚ್ಚಳದ ಮೇಲೆ ಅಂಗೈ ಇಟ್ಟ. ಹಲಗೆಯಡಿಯಿಂದ ತಲೆ ಬಂದು ತಾಗುತ್ತಿತ್ತು, ಕೂಗಲು ಕತ್ತೆತ್ತಿದಾಗಲೆಲ್ಲ ಒಂದು ಸಲ. ಅವನು ಎದ್ದ. ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು ಒಂದು ಸ್ಕ್ರೂ ಬಿಚ್ಚಿದ. ಎರಡನೆಯದನ್ನೂ ಬಿಚ್ಚಿದ. ಮೂರನೆಯದು ಅರ್ಧ ತಿರುಗಿತ್ತು.

"ಟರ್ನರೇ!" ಓನರ್ ಮೆಟ್ಟಿಲ ಮೇಲಿಂದ ಪಿಸುದನಿಯಲ್ಲಿ ಕರೆದರು. ತಿಂಗಳುಗಳಿಂದ ಕಾಣದ ನಗು ಮುಖದಲ್ಲಿತ್ತು. "ಮಗು ಇನ್ನೂ ಮಲಗಿದೆ ಕಣ್ರೀ. ಏನೇ ಹೇಳಿ, ನಿಮ್ಮ ಕೈಗುಣವೇ ಕೈಗುಣ."

ಅವರು ಒಳಗೆ ಹೋಗುವವರೆಗೂ ಅವನು ಅಲುಗಾಡಲಿಲ್ಲ. ಆಮೇಲೆ ಮೂರನೆಯದನ್ನು ಬಿಗಿ ಮಾಡಿದ. ಎರಡನೆಯದು, ಮೊದಲನೆಯದು. ಕೆಲಸ ಕಲಿತ ಕೈ, ಒಂದೂ ಓರೆಯಾಗಲಿಲ್ಲ.

ಹೆಂಡತಿ ಕಣ್ಣುಜ್ಜುತ್ತ ಬಾಗಿಲಿಗೆ ಬಂದಳು. "ಮಾಲೀಕರಿಗೆ ಏನು ಹೇಳಲಿ ರೀ?"

"ಬರ್ತೀನಿ ಅಂತ ಹೇಳು." ಅವನು ಕೈಯನ್ನು ಮುಚ್ಚಳದಿಂದ ತೆಗೆಯಲಿಲ್ಲ. "ಆ ಕ್ಯಾಬಿನ್ನು ಎಷ್ಟು ಎತ್ತರ ಇದೆ ಅಂತ ಒಂದು ಮಾತು ಕೇಳಿಬಿಡು."

"ಅದನ್ನೂ ಯಾರಾದ್ರೂ ಕೇಳ್ತಾರಾ?" ಎಂದು ಅವಳು ನಕ್ಕು, ಒಲೆ ಹಚ್ಚಲು ಒಳಗೆ ಹೋದಳು.

ಅಂಗೈಯಡಿ ಹಲಗೆ ಮತ್ತೊಮ್ಮೆ ಟಕ್ ಎಂದಿತು. ಮೇಲೆ ಮಗು ಇನ್ನೂ ಎದ್ದಿರಲಿಲ್ಲ.