ಹಣ್ಣಿನ ತೂಕ, ಬೀಜದ ತೂಕ

"ನಾಲ್ಕೇ ನಿಮಿಷ ಲಕ್ಕಪ್ಪಣ್ಣ. ನೀವೊಂದು ಕಾಫಿ ಕುಡಿಯೋದ್ರೊಳಗೆ ಹೋಗ್ಬುಡ್ತದೆ," ಎಂದ ಪ್ರವೀಣ್, ಕಂಪ್ಯೂಟರಿನಿಂದ ಮುಖ ತಿರುಗಿಸದೆ.

ಸಕಲೇಶಪುರದ ಆ ಸಣ್ಣ ನರ್ಸಿಂಗ್ ಹೋಮಿನ ಸ್ಕ್ಯಾನ್ ಕೋಣೆಗೆ ಇವನೊಬ್ಬನೇ ದಿಕ್ಕು. ಲಕ್ಕಪ್ಪ ಹಾನುಬಾಳು ಕಡೆಯ ಎಸ್ಟೇಟೊಂದರ ರೈಟರ್. ಮೂವತ್ತು ವರ್ಷದಿಂದ ಆಳುಗಳ ಹಾಜರಿ, ಕಾಫಿಯ ತೂಕ ಬರೆದವನು. ಬೆಳಿಗ್ಗೆ ಮೆಣಸು ಕೊಯ್ಯುತ್ತಿದ್ದ ಗಿಡ್ಡಯ್ಯ ಏಣಿ ಜಾರಿ ಬಿದ್ದಾಗ, ಬಾಗಿಲಿನ ಹಲಗೆ ಕಳಚಿ ಅದರ ಮೇಲೆ ಮಲಗಿಸಿ ಜೀಪಿನಲ್ಲಿ ತಂದವನೂ ಅವನೇ.

ಬೆನ್ನುಮೂಳೆ ಮುರಿದಿತ್ತು. ಇವತ್ತೇ ಆಪರೇಷನ್ ಆದರೆ ಕಾಲು ಉಳಿದೀತು, ನಾಳೆಗೆ ಹೋದರೆ ಆಸೆ ಇಲ್ಲ ಎಂದಿದ್ದರು ಇಲ್ಲಿನ ಡಾಕ್ಟರು. ಮಂಗಳೂರಿನ ಸರ್ಜನ್ ಫೋನಿನಲ್ಲಿ, "ಮೊದಲು ಸ್ಕ್ಯಾನ್ ಕಳಿಸಿ. ಮೂಳೆಯ ಚೂರು ಸಡಿಲ ಇದ್ರೆ ಘಾಟಿ ತಿರುವಲ್ಲಿ ನರಾನೇ ಹೋಗ್ತದೆ. ನೋಡಿ ಹೇಳ್ತೇನೆ," ಎಂದಿದ್ದರು.

ಆದರೆ ಮಂಗಳೂರಿಗೆ ಇಳಿಯುವ ಘಾಟಿಯಲ್ಲಿ, ಮಾರನಹಳ್ಳಿಯ ಕೆಳಗೆ ಬಂಡೆ ಒಡೆಯುವ ಕೆಲಸ ನಡೆದಿತ್ತು. ಸಂಜೆ ನಾಲ್ಕಕ್ಕೆ ದಾರಿ ಮುಚ್ಚಿದರೆ ಬೆಳಗಿನ ತನಕ ಆಂಬುಲೆನ್ಸಿಗೂ ಜಾಗವಿಲ್ಲ. ಬೆನ್ನು ಮುರಿದವನನ್ನು ಹೊತ್ತ ಗಾಡಿ ಅಲ್ಲಿಗೆ ಮುಟ್ಟಲು ಮುಕ್ಕಾಲು ಗಂಟೆ ಬೇಕು. ಗೋಡೆಯ ಗಡಿಯಾರದಲ್ಲಿ ಆಗ ಸರಿಯಾಗಿ ಮೂರು.

ರಸ್ತೆ ಅಗೆಯುವಾಗ ಹೊಸ ಕೇಬಲ್ ತುಂಡಾಗಿ ಎರಡು ದಿನವಾಗಿತ್ತು. ಮೊಬೈಲಿನಲ್ಲಿ ಮಾತು ಕೇಳುತ್ತಿತ್ತು, ಚಿತ್ರ ಹೋಗುತ್ತಿರಲಿಲ್ಲ. ಉಳಿದದ್ದು ಹಳೆಯ ಟೆಲಿಫೋನ್ ಲೈನು.

ಪ್ರವೀಣನ ಲೆಕ್ಕ ಸಲೀಸಾಗಿತ್ತು. ಸ್ಕ್ಯಾನ್ ಮೆಷಿನ್ನಿನ ಹಳೇ ಡಿಸ್ಕು ಸೆಕೆಂಡಿಗೆ ನಾಲ್ಕು ಮೆಗಾದಂತೆ ಕೊಡುತ್ತದೆ. ಚಿತ್ರಗಳೆಲ್ಲ ಎರಡು ನಿಮಿಷದಲ್ಲಿ ಈ ಕಂಪ್ಯೂಟರಿಗೆ ಇಳಿದಿದ್ದವು. ಲೈನು ಎರಡು ಮೆಗಾದ್ದು. ಅರ್ಧ ವೇಗ, ಎರಡರಷ್ಟು ಹೊತ್ತು. ಲಕ್ಕಪ್ಪನೂ ಮನಸ್ಸಿನಲ್ಲೇ ಕೂಡಿ ನೋಡಿದ, ಸರಿ ಕಂಡಿತು.

ಹೊರಗೆ ಆಂಬುಲೆನ್ಸಿನ ಬಾಗಿಲಲ್ಲಿ ಗಿಡ್ಡಯ್ಯನ ಹೆಂಡತಿ ಚೌಡಮ್ಮ ನಿಂತಿದ್ದಳು. "ಈಗ್ಲೇ ಹೊಂಟ್ಬುಡಾಣ ಅಯ್ಯಾ. ಅಲ್ಲೋಗಿ ತೋರ್ಸಿದ್ರಾಯ್ತು."

"ನಾಲ್ಕು ನಿಮಿಷ ತಡಿಯವ್ವ. ಚೂರು ಸಡ್ಲ ಐತೋ ಏನೋ, ತಿಳ್ಕಂಡೇ ಹೋಗಾಣ."

ಗಾಡಿಯ ಒಳಗಿನಿಂದ ಗಿಡ್ಡಯ್ಯ ಅಂದ: "ರೈಟರ್ರು ಹೇಳಿದ್ ಮೇಲೆ ಸುಮ್ಕಿರೆ. ನಂಗೇನು ಓಡೋ ಅವಸರ ಐತಾ?" ನಗಲು ಹೋಗಿ ಹಲ್ಲು ಕಚ್ಚಿದ.

ಮೂರು ಗಂಟೆ ಆರು ನಿಮಿಷಕ್ಕೆ ಲಕ್ಕಪ್ಪ ಮತ್ತೆ ಒಳಗೆ ಬಂದ. ಪರದೆಯ ಮೇಲಿನ ಹಸಿರು ಪಟ್ಟಿ ಚೋಟುದ್ದ ತುಂಬಿತ್ತು. ಪಕ್ಕದಲ್ಲಿ ನೂರಕ್ಕೆ ಹತ್ತೊಂಬತ್ತು ಎಂದಿತ್ತು.

"ಇದೇನೋ ಮಾರಾಯ, ಲೈನು ಕೆಟ್ಟೈತಾ?"

"ಇಲ್ಲ ಅಣ್ಣ, ಪೂರ್ತಿ ಎರಡು ಮೆಗಾ ಹೋಗ್ತಾ ಐತೆ." ಪ್ರವೀಣ್ ಪರದೆಯ ಮೇಲಿನ ವೇಗದ ಅಂಕಿಗೆ ಬೆರಳಿಟ್ಟ.

ಲಕ್ಕಪ್ಪ ಪಟ್ಟಿಯನ್ನೇ ನೋಡಿದ. ತೂಕ ಸರಿ, ಮೂಟೆ ಸರಿ, ಮೊತ್ತ ಮಾತ್ರ ತಾಳೆಯಾಗದ ದಿನಗಳು ಅವನಿಗೆ ಹೊಸವಲ್ಲ. ಅಂಥಾಗ ಅವನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ನಮ್ಮಲ್ಲಿ ಹಣ್ಣಿನ ತೂಕ ಬೇರೆ, ಒಣಗಿಸಿ ಸುಲಿದ ಬೀಜದ ತೂಕ ಬೇರೆ. ನಿನ್ ಡಿಸ್ಕಿನ ಮೆಗಾನೂ ಲೈನಿನ ಮೆಗಾನೂ ಒಂದೇ ತೂಕವೇನೋ?"

ಪ್ರವೀಣನ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. "ಡಿಸ್ಕಿಂದು ಬೈಟು," ಎಂದ ಮೆಲ್ಲಗೆ. "ಟೆಲಿಫೋನಿನವರು ಬಿಟ್ಟಲ್ಲಿ ಎಣಿಸ್ತಾರೆ. ಎಂಟು ಬಿಟ್ಟಿಗೆ ಒಂದು ಬೈಟು... ಓದಿದ್ದೆ ಅಣ್ಣ. ಅವಸರದಲ್ಲಿ—"

"ನಾಲ್ಕೆಂಟ್ಲಿ ಮೂವತ್ತೆರಡು," ಎಂದ ಲಕ್ಕಪ್ಪ.

ಇನ್ನೂ ಇಪ್ಪತ್ತಾರು ನಿಮಿಷ. ಈಗ ಹೊರಟರೆ ನಾಲ್ಕರೊಳಗೆ ಮಾರನಹಳ್ಳಿ ದಾಟಬಹುದು, ಆದರೆ ಕಣ್ಣು ಕಟ್ಟಿಕೊಂಡು ಹೊರಟಂತೆ. ಕಾದರೆ ತಿಳಿದು ಹೊರಡಬಹುದು, ದಾರಿ ಇರುವುದಿಲ್ಲ. ಅವನು ಹೊರಗೆ ಹೋಗಿ ಎರಡನ್ನೂ ಚೌಡಮ್ಮನಿಗೆ ಬಿಡಿಸಿ ಹೇಳಿದ. ಅವಳು ಒಂದು ಮಾತೂ ಬೈಯಲಿಲ್ಲ.

"ನಂಗೇನ್ ತಿಳೀತದೆ ಅಯ್ಯಾ. ನೀವು ಏನಂತೀರೋ ಅದೇ."

ಹೊರಡಿ ಅನ್ನುವ ಮಾತು ಲಕ್ಕಪ್ಪನ ಗಂಟಲಿನವರೆಗೆ ಬಂತು. ತಿರುವಿನಲ್ಲಿ ನರ ಹೋದರೆ ಆ ಮಾತು ತನ್ನದಾಗುತ್ತದೆ. ಅವನು ಹೇಳಲಿಲ್ಲ. ಹೇಳದೆ ಹೇಳದೆ ಮೂರೂಕಾಲು ದಾಟಿತು. ಆಮೇಲೆ ಹೇಳಿ ಪ್ರಯೋಜನವಿರಲಿಲ್ಲ.

ಮೂರು ಮೂವತ್ತಾರಕ್ಕೆ ಮಂಗಳೂರಿನಿಂದ ಫೋನು ಬಂತು. "ಚೂರು ಗಟ್ಟಿ ಕೂತಿದೆ, ಏನೂ ಹೆದರಿಕೆ ಇಲ್ಲ. ಇನ್ನೂ ಹೊರಟಿಲ್ವಾ ನೀವು?"

ದಾರಿ ಮುಚ್ಚುವುದು ತಡವಾದೀತೆಂಬ ಆಸೆಯಲ್ಲಿ ಹೊರಟರು. ಡ್ರೈವರ್ ಆದಷ್ಟು ಓಡಿಸಿದ. ಮಾರನಹಳ್ಳಿ ಮುಟ್ಟಿದಾಗ ನಾಲ್ಕೂಕಾಲು. ರಸ್ತೆಗೆ ಅಡ್ಡ ಕಬ್ಬಿಣದ ಗೇಟು ಬಿದ್ದಿತ್ತು. ಲಕ್ಕಪ್ಪ ಇಳಿದು ಕಾವಲಿನವನ ಹತ್ತಿರ ಹೋದ. ಅವನು ಕೆಳಗೆ ಕೈ ತೋರಿಸಿದ: ಮದ್ದಿಟ್ಟು ಸಿಡಿಸಿದ ಬಂಡೆ ದಾರಿಯ ತುಂಬ ಹರಡಿ, ಧೂಳು ಇನ್ನೂ ಕೂತಿರಲಿಲ್ಲ. "ಗೇಟು ತೆಗೀಬೋದು ಸ್ವಾಮಿ. ತೆಗೆದ್ರೆ ಎಲ್ಲಿಗ್ ಹೋಗ್ತೀರಿ?"

ಲಕ್ಕಪ್ಪ ಹಿಂದಿರುಗಿ ಆಂಬುಲೆನ್ಸಿನ ಹಿಂಬಾಗಿಲು ತೆರೆದ. ಚೌಡಮ್ಮ ಗಂಡನ ಕಾಲ ಬಳಿ ಕುಳಿತು, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಇವನನ್ನು ಕಂಡು ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಈಗ?" ಎಂದಳು ಗಂಡನಿಗೆ. "ಈಗ ಒತ್ತಿದ್ದು ಗೊತ್ತಾಯ್ತದಾ?"

ಗಿಡ್ಡಯ್ಯ ಗಾಡಿಯ ಮಾಡು ನೋಡುತ್ತಿದ್ದ. ಅವಳ ಕೈ ಮಡಿಲಲ್ಲೇ ಇತ್ತು.

"ಗೊತ್ತಾಯ್ತದೆ ಕಣೆ," ಎಂದ. "ಮೆಲ್ಲಗೆ ಒತ್ತು."