ಚೆಕ್ಕು ತಿರುಗಿ ಬಂದ ಮೇಲೆ

ವಿಜಯಪುರದ ಇಬ್ರಾಹಿಂಪುರದಲ್ಲಿ ಗುರುಬಸವ್ವ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಗಂಡ ತೀರಿಕೊಂಡ ವರ್ಷ ಅವಳೂ ಪಕ್ಕದ ಮನೆಯ ಮಲಕವ್ವನೂ ಒಂದೇ ಒಲೆಯ ಮುಂದೆ ಕುಳಿತು ಶುರುಮಾಡಿದ ಕೆಲಸ ಅದು. ಈಗ ಆರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಜೋಳ ಟಿಕೋಟಾದ ಶಂಕ್ರೆಪ್ಪನ ಅಂಗಡಿಯಿಂದ ಬರುತ್ತಿತ್ತು. ಮೊದಲು ಮಾಲು, ತಿಂಗಳ ಕೊನೆಗೆ ಚೆಕ್ಕು. ನಡುವೆ ಇದ್ದದ್ದು ಅವಳ ಮಾತು ಮಾತ್ರ.

ವ್ಯಾಪಾರ ಬೆಳೆದಾಗ ಬ್ಯಾಂಕಿನವರೇ ಕರೆದು ಓವರ್‌ಡ್ರಾಫ್ಟ್ ಕೊಟ್ಟಿದ್ದರು. ಖಾತೆ ಬರಿದಾದರೂ ಒಂದು ಮಿತಿಯವರೆಗೆ ಬ್ಯಾಂಕಿನ ಹಣ ಬಳಸಬಹುದು, ಬಳಸಿದ್ದಕ್ಕೆ ಬಡ್ಡಿ. ಗುರುಬಸವ್ವ ಆ ಮಿತಿಯನ್ನು ಎಂದೂ ದಾಟಿದವಳಲ್ಲ. ಕಳೆದ ಚಳಿಗಾಲದಲ್ಲಿ, ಅವಳು ಕೇಳದ, ಸಹಿಯನ್ನೂ ಮಾಡದ ಯಾವುದೋ ವಿಮೆಯ ಕಂತನ್ನು ಬ್ಯಾಂಕು ಅವಳ ಖಾತೆಯಿಂದ ಮುರಿದುಕೊಂಡಿತು. ಮರುದಿನ ಶಂಕ್ರೆಪ್ಪನಿಗೆ ಕೊಟ್ಟ ಚೆಕ್ಕು ಬಂತು. ಅಷ್ಟು ಹಣ ಉಳಿದಿರಲಿಲ್ಲ, ವಾಪಸು ಹೋಯಿತು. ವಾಪಸಾದದ್ದಕ್ಕೆ ದಂಡ. ಆ ದಂಡದಿಂದ ಮಿತಿ ಮೀರಿತೆಂದು ಇನ್ನೊಂದು ದಂಡ.

ಇದೆಲ್ಲ ಅವಳಿಗೆ ತಿಳಿದದ್ದು ಶಂಕ್ರೆಪ್ಪನ ಅಂಗಡಿಯಲ್ಲಿ, ಬಿಜ್ಜರಗಿಯಿಂದ ಜೋಳ ತಂದಿದ್ದ ರೈತರ ಎದುರಿಗೆ. ಶಂಕ್ರೆಪ್ಪ ಬೈಯಲಿಲ್ಲ. ಬೈದಿದ್ದರೆ ಅವಳೂ ನಾಲ್ಕು ಮಾತಾಡುತ್ತಿದ್ದಳು. ಅವಳಿಗೆಂದು ಹೊರಗಿಟ್ಟಿದ್ದ ಚೀಲಗಳನ್ನು ಹಮಾಲರ ಕೈಯಿಂದ ಒಳಗೆ ಹಾಕಿಸಿ, ರೊಕ್ಕ ತಂದ ದಿನ ಒಯ್ಯಿ ಎಂದ. ಅವಳು ಖಾಲಿ ಟಂಟಂ ಆಟೋದಲ್ಲಿ ಊರಿಗೆ ಬಂದಳು.

ಬ್ಯಾಂಕಿನ ಮ್ಯಾನೇಜರ್ ಚೇತನಕುಮಾರ, ಅದೆಲ್ಲ ಸಿಸ್ಟಮ್ಮೇ ಮಾಡುವುದು, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ವಿಮೆ ಬೇಕೆಂದು ಯಾರು ಕೇಳಿದ್ದರು ಎಂದಾಗ, ಅದು ನಿಮ್ಮ ಒಳ್ಳೆಯದಕ್ಕೇ ಎಂದ.

ಮಗಳ ಮದುವೆಗೆ ರೊಟ್ಟಿ ಹೇಳಲು ಬಬಲೇಶ್ವರದಿಂದ ಬಂದಿದ್ದ ಸುಧಾರಾಣಿ ಈ ಕಥೆ ಕೇಳಿದಳು. ಅಲ್ಲಿ ಅವಳದು ಹೊಲಿಗೆ ಅಂಗಡಿ. ಅದೇ ಬ್ಯಾಂಕಿನ ಅಲ್ಲಿಯ ಶಾಖೆಯಲ್ಲಿ ಅವಳಿಗೂ ಹೀಗೇ ಆಗಿತ್ತು.

“ಬಾಯಿಲೆ ಹೇಳಿದ್ದು ಬ್ಯಾಂಕಿನ್ಯಾಗ ನಿಲ್ಲೂದಿಲ್ರಿ ಅಕ್ಕಾ. ಬರದು ಕೊಡ್ರಿ, ನಕಲಿನ ಮ್ಯಾಲೆ ಬ್ಯಾಂಕಿನ ಸಿಕ್ಕಾ ಹೊಡಿಸ್ಕೋರಿ. ವಿಮಾಕ್ಕ ನನ್ನ ಸಹಿ ಎಲ್ಲೈತಿ ತೋರಸ್ರಿ ಅಂತ ಕೇಳ್ರಿ. ಒಂದು ತಿಂಗಳಾಗ ಸರಿ ಮಾಡಲಿಲ್ಲಂದ್ರ, ಬ್ಯಾಂಕಿನ ಮ್ಯಾಲಿನ ದೂರು ಕೇಳಾಕಂತ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇರ್ತಾರ, ಅವ್ರಿಗೆ ದೂರು ಹಾಕೂಣು. ವಕೀಲ ಬ್ಯಾಡ, ಫೀನೂ ಇಲ್ಲ.”

ಗುರುಬಸವ್ವ ಬರೆದು ಕೊಟ್ಟಳು. ತಿಂಗಳು ಕಳೆದರೂ ಉತ್ತರವಿಲ್ಲ. ಸುಧಾರಾಣಿಯ ಫೋನಿನಿಂದಲೇ ಒಂಬುಡ್ಸ್‌ಮನ್‌ಗೆ ದೂರು ಹೋಯಿತು. ಅದು ಹೋದ ಮೇಲೆ ಬ್ಯಾಂಕಿನಿಂದ ತಾನಾಗಿ ಕರೆ ಬಂತು. ಚೇತನಕುಮಾರ ಚಹಾ ತರಿಸಿದ. ಕಂತು, ದಂಡ ಎಲ್ಲ ಮರಳಿಸುತ್ತೇವೆ, ದೂರು ಹಿಂತೆಗೆದುಕೊಂಡೆ ಎಂದು ಒಂದು ಸಹಿ ಹಾಕಿ ಎಂದ.

“ರೊಕ್ಕ ಇರ್ಲಿ ಸಾಹೇಬ್ರ. ತಪ್ಪು ನಮ್ಮದು, ಈಕಿದಲ್ಲ ಅಂತ ಶಂಕ್ರೆಪ್ಪ ಸಾವ್ಕಾರ್ರಿಗೆ ಎರಡು ಸಾಲು ಬರದು ಕೊಡ್ರಿ.”

“ಹಂಗ ಬರದು ಕೊಡಾಕ ನಮಗ ಬರೂದಿಲ್ರಿ ಅಮ್ಮಾ.”

ಅವಳು ಸಹಿ ಹಾಕದೆ ಎದ್ದು ಬಂದಳು. ಮಳೆಗಾಲ ಹಿಡಿದ ಮೇಲೆ ಒಂಬುಡ್ಸ್‌ಮನ್ ಆದೇಶ ಬಂತು. ಹಣವೆಲ್ಲ ಮರಳಿತು, ಪಟ್ಟ ತೊಂದರೆಗೆಂದು ಸ್ವಲ್ಪ ಪರಿಹಾರವೂ ಸಿಕ್ಕಿತು. ಅದೇ ತಿಂಗಳು ಅವಳ ಓವರ್‌ಡ್ರಾಫ್ಟಿನ ಅವಧಿ ಮುಗಿದಿತ್ತು. ಅಂಗಡಿಯ ಉದ್ರಿ ನಿಂತ ಮೇಲೆ ಅವಳು ಜೋಳಕ್ಕೆ ನಗದು ಕೊಡುತ್ತಿದ್ದದ್ದು ಅದರಿಂದಲೇ. ಬ್ಯಾಂಕು ಅದನ್ನು ಮುಂದುವರಿಸಲಿಲ್ಲ. ಯಾಕೆಂದು ಕೇಳಿದರೆ ಮೇಲಿನವರ ತೀರ್ಮಾನ ಎಂದರು.

ಆದೇಶ ಹಿಡಿದುಕೊಂಡು ಟಿಕೋಟಾಕ್ಕೆ ಹೋದಳು. ಶಂಕ್ರೆಪ್ಪ ಚಷ್ಮಾ ಹಾಕಿಕೊಂಡು ಕೊನೆಯವರೆಗೂ ಓದಿದ. ಮಡಿಚಿ ಅವಳ ಕೈಗೆ ಕೊಟ್ಟ.

“ನಿನ್ನ ತಪ್ಪಲ್ಲ ಅಂತ ನನಗ ಅವತ್ತೇ ಗೊತ್ತಿತ್ತು ತಂಗಿ. ಆದ್ರ ಚೆಕ್ಕು ತಿರುಗಿ ಬಂದದ್ದು ನಾಕು ಮಂದಿ ನೋಡ್ಯಾರ. ಈಗ ನಿನಗ ಉದ್ರಿ ಕೊಟ್ರ, ನಾಳೆ ಉಳಿದ ಗಿರಾಕಿಗಳೂ ಚೆಕ್ಕು ತಿರುಗಿಸಿ ಮತ್ತ ಉದ್ರಿ ಕೇಳ್ತಾರ.”

ಅವಳಿಗೆ ಸಿಟ್ಟು ಬಂದದ್ದು ಆಗ, ಗೊತ್ತಿತ್ತು ಎಂದು ಅವನು ಹೇಳಿದಾಗ. ಆದರೂ ಕೈಯಲ್ಲಿದ್ದ ರೊಕ್ಕಕ್ಕೆ ಎಷ್ಟು ಬರುತ್ತದೋ ಅಷ್ಟು ಜೋಳ ತೂಗಿಸಿಕೊಂಡು ಬಂದಳು. ಮೊದಲಿನ ಅರ್ಧವೂ ಇರಲಿಲ್ಲ.

ಕೆಲಸ ಸಾಲದೆ ಮೊದಲು ಹೊಸ ಹೆಂಗಸರು ಹೋದರು. ದಸರೆಯ ಹೊತ್ತಿಗೆ ಮಲಕವ್ವನಿಗೂ ನಾಳೆಯಿಂದ ಕೆಲಸವಿಲ್ಲ ಎಂದು ಹೇಳಬೇಕಾಯಿತು.

“ಬ್ಯಾಂಕಿನ ಮ್ಯಾಲೆ ಗೆದ್ದೇನಿ ಅಂದಿದ್ದಿ ಅಲ್ಲ ಬೇ?” ಎಂದು ಮಲಕವ್ವ ಕೇಳಿದಳು.

“ಗೆದ್ದೇನಿ.”

ಮಲಕವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅದು ಬೇಯುವವರೆಗೆ ಕುಳಿತಿದ್ದು, ಕೈ ತೊಳೆದುಕೊಂಡು ಎದ್ದು ಹೋದಳು.